ಹಡಗು ಹತ್ತುವ ಮುಂಚೆ ಬ್ಯಾಗ್ ಒಮ್ಮೆ ಬಿಚ್ಚಿ ನೋಡಿ

22 ವರ್ಷ ಹಡಗಿನಲ್ಲಿದ್ದೆ, ಕೊನೆಗೆ ಬೋಸನ್ (ಡೆಕ್ ಕೆಲಸಗಾರರ ಮುಖ್ಯಸ್ಥ) ಆಗಿ ಇಳಿದೆ. ಈಗ ಮಂಗಳೂರಿನಲ್ಲಿದ್ದೇನೆ. ಸೈನ್ ಆನ್ ಮಾಡುವ, ಅಂದರೆ ಹಡಗಿನ ಕೆಲಸಕ್ಕೆ ಸೇರುವ ಹುಡುಗರು ನನ್ನ ಹತ್ತಿರ ಸಂಬಳದ ವಿಷಯ ಕೇಳುತ್ತಾರೆ. ನಾನು ಬ್ಯಾಗಿನ ವಿಷಯ, ಅದರಲ್ಲಿ ಸೇರಿಕೊಳ್ಳುವ ಮಾದಕವಸ್ತುವಿನ ವಿಷಯ ಹೇಳುತ್ತೇನೆ.

ಮೊದಲು ಗಸಗಸೆ ತೆಗೆದಿಡಿ. ನಗಬೇಡಿ. ಅಮ್ಮ ಪಾಯಸಕ್ಕೆ ಅಂತ ಕಟ್ಟಿಕೊಟ್ಟಿರಬಹುದು, ದುಬೈಯಲ್ಲಿ ಅದಕ್ಕೆ ನಿಷೇಧ ಇದೆ. ಅಫೀಮು ಗಿಡದ ಬೀಜ ಅಲ್ವಾ? ಜಾಸ್ತಿ ತಿಂದರೆ ಮೂತ್ರ ಪರೀಕ್ಷೆಯಲ್ಲಿ ಅಫೀಮಿನ ಅಂಶ ಮಾರ್ಫಿನ್ ಕಾಣಿಸಲೂಬಹುದು.

ಆಮೇಲೆ ಮಾತ್ರೆ. ನೋವಿನ ಮಾತ್ರೆ ಟ್ರಮಡಾಲ್ ಆಗಲಿ, ಅಫೀಮಿನ ಅಂಶ ಕೋಡೀನ್ ಇರುವ ಕೆಮ್ಮಿನ ಸಿರಪ್ಪಾಗಲಿ, ಡಾಕ್ಟರೇ ಬರೆದಿದ್ದರೂ ಕಂಪನಿಗೆ ಮೊದಲೇ ತಿಳಿಸಿ. ಚೀಟಿ ಜೊತೆಗಿರಲಿ. ಟ್ರಮಡಾಲ್ 2018ರಿಂದ ನಮ್ಮಲ್ಲೂ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ.

ನಮ್ಮ ಹಡಗಿನಲ್ಲೊಬ್ಬ ಎ.ಬಿ. (ಅನುಭವಿ ನಾವಿಕ) ಸೊಂಟನೋವಿಗೆ ಟ್ರಮಡಾಲನ್ನೇ ನುಂಗುತ್ತಿದ್ದ. ದಿನಕ್ಕೆ ಒಂದಿದ್ದದ್ದು ನಾಲ್ಕಾಯಿತು. ಒಂದು ಬೆಳಗಿನ ಜಾವ ಮೂರಿಂಗ್ ಮಾಡುವಾಗ, ಅಂದರೆ ಹಡಗನ್ನು ದಡಕ್ಕೆ ಕಟ್ಟುವಾಗ, ಹಗ್ಗ ಸುತ್ತುವ ವಿಂಚಿನ ಲಿವರ್ ಹಿಡಿದು ನಿಂತಲ್ಲೇ ತೂಕಡಿಸಿದ. ಹಗ್ಗ ಬಿಗಿದು ಬಿಗಿದು ತುಂಡಾಗಿ ರೇಲಿಂಗ್ ಬಗ್ಗಿಸಿತು. ನಾನು ಒಂದು ಹೆಜ್ಜೆ ಈಚೆ ಇದ್ದೆ. ಅವನ ಕಣ್ಣು ನೋಡಿ ನನಗೆ ವಾರದ ಹಿಂದೆಯೇ ಗೊತ್ತಾಗಿತ್ತು. ಪಾಪ, ಕೆಲಸ ಹೋಗುತ್ತದೆ ಅಂತ ಸುಮ್ನಿದ್ದೆ. ನೀವು ಸುಮ್ನಿರಬೇಡಿ, ಡೆಕ್ ಕೆಲಸ ನೋಡುವ ಅಧಿಕಾರಿ ಚೀಫ್ ಮೇಟ್‌ಗೆ ಹೇಳಿ.

ನಿದ್ದೆ ಸಾಲದಿದ್ದರೆ ಮಾತ್ರೆ ಬೇಡ, ವಿಶ್ರಾಂತಿ ಕೇಳಿ. ನಿಯಮದ ಪ್ರಕಾರ 24 ಗಂಟೆಯಲ್ಲಿ 10, ಏಳು ದಿನದಲ್ಲಿ 77 ಗಂಟೆ ಸಿಗಬೇಕು. ರಿಜಿಸ್ಟರಿನಲ್ಲಂತೂ ಯಾವತ್ತೂ ಸಿಕ್ಕಿರುತ್ತದೆ!

ಬಂದರಿನಲ್ಲಿ ಯಾರ ಪೊಟ್ಟಣವನ್ನೂ ಹಿಡಿಯಬೇಡಿ. ಸಿಂಗಾಪುರದಲ್ಲಿ 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಸಾಗಿಸಿದರೆ ಗಲ್ಲು.

ಮಾದಕವಸ್ತು ಪರೀಕ್ಷೆಗೆ ಕರೆದರೆ, ತೆಗೆದುಕೊಂಡ ಔಷಧಿಯೆಲ್ಲ ಬರೆದುಕೊಡಿ. ಮೂತ್ರದ ಬಾಟಲಿಗೆ ನಿಮ್ಮ ಕಣ್ಣೆದುರೇ ಸೀಲ್ ಹಾಕಿಸಿ, ನಂಬರ್ ತಾಳೆ ನೋಡಿ, ಆಮೇಲೆ ಸಹಿ.

ಈಗಾಗಲೇ ಚಟ ಹತ್ತಿದೆಯೇ? ರಜೆಯಲ್ಲಿರುವಾಗಲೇ ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಹಡಗು ಹತ್ತಿದ ಮೇಲೆ ಒಮ್ಮೆಲೇ ಬಿಡುತ್ತೇನೆ ಅಂತ ಹೊರಡಬೇಡಿ. ಬೆವರು, ವಾಂತಿ, ನಡುಕ ಶುರುವಾಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅಲ್ಲಿಂದ ಡಾಕ್ಟರು ಐದಾರು ದಿನದ ದಾರಿ.