ಅಜ್ಜನ ರೇಡಿಯೋಗ್ರಾಂ ಮತ್ತೆ ಹಾಡಬೇಕಾದರೆ

ಧಾರವಾಡದ ಮಾಳಮಡ್ಡಿಯ ಹಂಚಿನ ಮನೆಗಳಲ್ಲಿ, ಹುಬ್ಬಳ್ಳಿಯ ಹಳೇ ವಾಡೆಗಳ ಅಟ್ಟದಲ್ಲಿ ಈಗಲೂ ಒಮ್ಮೊಮ್ಮೆ ನಾಲ್ಕು ಕಾಲಿನ ಉದ್ದನೆಯ ಮರದ ಪೆಟ್ಟಿಗೆ ಸಿಗುತ್ತದೆ. ಮುಂದೆ ಜರಿ ಎಳೆ ಬೆರೆತ ಬಟ್ಟೆ, ಮೇಲೆ ಮುಚ್ಚಳ, ಒಳಗೆ ರೇಡಿಯೋ ಮತ್ತು ರೆಕಾರ್ಡ್ ಹಾಕುವ ತಟ್ಟೆ. ಅದೇ ರೇಡಿಯೋಗ್ರಾಂ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಅನುಕೂಲಸ್ಥರ ಪಡಸಾಲೆಗೆ ಇಂಥ ಪೆಟ್ಟಿಗೆಯೇ ಶೋಭೆ.

ಈಗ ಅನೇಕರು ಒಳಗಿನದನ್ನೆಲ್ಲ ಕಿತ್ತು ಟಿ.ವಿ. ಸ್ಟ್ಯಾಂಡ್ ಮಾಡಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಇಲ್ಲಿ ಮರ ಇರುವುದು ಬರೀ ಚೆಂದಕ್ಕಲ್ಲ. ಸ್ಪೀಕರಿನ ಕೋನ್ (ಅಲುಗಿ ಸದ್ದು ಮಾಡುವ ಕಾಗದದ ಬಟ್ಟಲು) ಮುಂದಕ್ಕೂ ಹಿಂದಕ್ಕೂ ಸದ್ದು ತಳ್ಳುತ್ತದೆ. ನಡುವೆ ಅಡ್ಡ ಹಲಗೆ ಇಲ್ಲದಿದ್ದರೆ ಎರಡೂ ಸೇರಿ ದಪ್ಪ ಸ್ವರಗಳು ಅಲ್ಲೇ ಅಳಿಸಿಹೋಗುತ್ತವೆ. ಹಲಗೆ ಅಗಲವಾದಷ್ಟೂ ಮಂದ್ರ ಉಳಿಯುತ್ತದೆ. ಜೊತೆಗೆ ಎಂಟು-ಹತ್ತು ಇಂಚಿನ ಹಗುರ ಕಾಗದದ ಕೋನ್. ಐದು ವ್ಯಾಟ್ ಕೊಟ್ಟರೂ ಕೋಣೆ ತುಂಬುತ್ತದೆ. ಗಂಗೂಬಾಯಿ ಹಾನಗಲ್ ಅವರ ಆ ಭಾರಿ ದನಿ ಅಂಗೈಯಗಲದ ಬ್ಲೂಟೂತ್ ಡಬ್ಬಿಯಲ್ಲಿ ಸೊರಗುತ್ತದೆ. ಇಲ್ಲಿ ಎದೆಯಿಂದಲೇ ಎದ್ದು ಬರುತ್ತದೆ.

ಮೊದಲ ಮಾತು: ಸಿಕ್ಕ ತಕ್ಷಣ ಪ್ಲಗ್ ಹಾಕಬೇಡಿ. ವಾಲ್ವ್ (ಬಿಸಿಯಾಗಿ ಕೆಲಸ ಮಾಡುವ ಗಾಜಿನ ಕೊಳವೆ) ಇರುವ ಇಂಥ ಸೆಟ್ಟಿನೊಳಗೆ 250 ವೋಲ್ಟಿಗೂ ಜಾಸ್ತಿ ಡಿ.ಸಿ. ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕರೆಂಟ್ ಹಿಡಿದಿಡುವ ಭಾಗಗಳಾದ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು. ಹತ್ತಾರು ವರ್ಷ ಸುಮ್ನೆ ಕೂತ ಕೆಪಾಸಿಟರ್ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತದೆ. ಒಳಗೆ ಕೈ ಹಾಕುವ ಕೆಲಸ ವಾಲ್ವ್ ಸೆಟ್ ಬಲ್ಲ ಮೆಕ್ಯಾನಿಕ್‌ಗೇ ಬಿಡಿ. ಹಳೇ ಕೆಪಾಸಿಟರ್ ಬದಲಿಸಿ, ಸೀರೀಸ್ ಬಲ್ಬ್ (ಕರೆಂಟ್ ಮಿತಿಮೀರದಂತೆ ನಡುವೆ ಜೋಡಿಸುವ ಬಲ್ಬ್) ಹಾಕಿ ಸೆಟ್ ಎಬ್ಬಿಸುವವರು ಸಿಕ್ಕರೆ ಅವರನ್ನೇ ನಂಬಿ.

ಆಮೇಲೆ ಮರ ನೋಡಿ. ಪೆಟ್ಟಿಗೆ ಮಗುಚಿ, ತಳದಲ್ಲಿ ಗೊರಲಿ ಹತ್ತಿದೆಯಾ, ಹೊಸ ಪುಡಿ ಉದುರುತ್ತಿದೆಯಾ ಪರೀಕ್ಷಿಸಿ. ಧಾರವಾಡದ ಮಳೆಗಾಲದ ಥಂಡಿಗೆ ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಅಂಚುಗಳು ಏಳುವುದು ಸಾಮಾನ್ಯ. ಮರದ ಅಂಟು ಸವರಿ, ಒಂದು ರಾತ್ರಿ ಕ್ಲ್ಯಾಂಪ್ ಬಿಗಿದಿಟ್ಟರೆ ಕೂರುತ್ತದೆ. ಪಾಲಿಶ್ ವಿಷಯದಲ್ಲಿ ಅವಸರ ಬೇಡ. ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್, ಮೇಲೆ ಅದನ್ನೇ ತೆಳ್ಳಗೆ ಎಳೆಸಿದರೆ ಸಾಕು. ಬಡಿಗೇರರು ಪೂರ್ತಿ ಉಜ್ಜಿ ಹೊಳೆಯುವ ಕೋಟ್ ಹೊಡೆಯೋಣ ಅಂದರೆ ಒಪ್ಪಬೇಡಿ. ವೆನೀರ್ ಬಹಳ ತೆಳು, ಉಜ್ಜುಕಾಗದಕ್ಕೆ ಸಿಕ್ಕರೆ ಒಳಗಿನ ಪ್ಲೈ ಕಾಣುತ್ತದೆ.

ಸ್ಪೀಕರ್ ಪರೀಕ್ಷೆ ಸುಲಭ. ಮೆಕ್ಯಾನಿಕ್ ಕೈಯಿಂದಲೇ ಅದರ ವೈರು ಬಿಡಿಸಿ, ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. 'ಟಪ್' ಎಂದು ಕೋನ್ ಅಲುಗಿದರೆ ಜೀವ ಇದೆ ಅಂತ ಅರ್ಥ. ನಂತರ ಎರಡೂ ಕೈಯ ಬೆರಳುಗಳಿಂದ ಕೋನನ್ನು ಹಗುರವಾಗಿ ಒಳಗೆ ಒತ್ತಿ. ಕರಕರ ಎಂದರೆ ಕೋನಿಗೆ ಅಂಟಿದ ಕಾಯಿಲ್ (ತಂತಿಯ ಸುರುಳಿ) ಉಜ್ಜುತ್ತಿದೆ. ಸಣ್ಣ ಹರುಕಿಗೆ ಟಿಶ್ಯೂ ಪೇಪರಿನ ಚೂರು, ನೀರು ಬೆರೆಸಿದ ಬಿಳಿ ಗೋಂದು ಸಾಕು. ದೊಡ್ಡ ಹರುಕಾದರೆ ಪೆಂಡಾಲಿನ ಸ್ಪೀಕರಿಗೆ ಹಾಕುವ ಗಟ್ಟಿ ಕೋನ್ ಹಾಕಿಸಿದಿರೋ, ಆ ಮೆದು ದನಿ ಹೋಯಿತು ಅಂತಲೇ ತಿಳಿಯಿರಿ. ಒಂದು ಎಚ್ಚರ: ಬಹಳ ಹಳೇ ಸೆಟ್ಟುಗಳಲ್ಲಿ ಅಯಸ್ಕಾಂತದ ಬದಲು, ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಇನ್ನೊಂದು ಕಾಯಿಲ್ ಇರುತ್ತದೆ, ಹೆಚ್ಚುವರಿ ಎರಡು ವೈರು ಹೊರಬಂದಿರುತ್ತವೆ. ಅಂಥ ಸ್ಪೀಕರ್ ತನ್ನ ಮೂಲ ಸೆಟ್ ಜೊತೆಗೇ ನಡೆಯುವಂಥದ್ದು.

ವಾಲ್ವ್ ಭಾಗ ಏಳಲೇ ಇಲ್ಲವೆಂದರೆ ಅದನ್ನು ಬಿಸಾಡಬೇಡಿ, ಇದ್ದಲ್ಲೇ ಇರಲಿ. ಸ್ಪೀಕರಿಗೆ ಮಾತ್ರ ಹತ್ತಿಪ್ಪತ್ತು ವ್ಯಾಟಿನ ಬ್ಲೂಟೂತ್ ಆಂಪ್ಲಿಫಯರ್ ಬೋರ್ಡ್ ಜೋಡಿಸಿ. ಒಂದೇ ಸ್ಪೀಕರ್ ಇದ್ದರೆ ಎಡ-ಬಲದ ವೈರುಗಳನ್ನು ಒಟ್ಟಿಗೆ ಹೆಣೆಯಬೇಡಿ, ಬೋರ್ಡ್ ಸುಡುತ್ತದೆ. ಮೊಬೈಲಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ 'ಮೋನೋ' (ಎಡ-ಬಲದ ಸದ್ದು ಒಂದಾಗುವುದು) ಆನ್ ಮಾಡಿ, ಒಂದೇ ಚಾನಲ್ ಬಳಸಿ.

ಮುಂದಿನ ಬಟ್ಟೆಯನ್ನು ತೊಳೆಯಬೇಡಿ, ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿ. ಬದಲಿಸಲೇಬೇಕಾದರೆ ಹೊಸ ಬಟ್ಟೆ ಬಾಯಿಗಿಟ್ಟು ಊದಿ ನೋಡಿ. ಉಸಿರು ಸರಾಗ ದಾಟಿದರೆ ಸದ್ದೂ ದಾಟುತ್ತದೆ. ಹಿಂಬದಿಯ ತೂತಿನ ಹಲಗೆಗೆ ಪ್ಲೈ ಹೊಡೆದು ಮುಚ್ಚಬೇಡಿ. ವಾಲ್ವ್‌ಗಳ ಶಾಖಕ್ಕೆ ಗಾಳಿ ಬೇಕು.

ಕೊನೆಗೆ ಜಾಗ. ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಸದ್ದು ತೆಳ್ಳಗಾದರೆ ಮೂಲೆಗೆ ಸರಿಸಿ. ಮೂಲೆಯ ಗೋಡೆಗಳು ಮಂದ್ರವನ್ನು ಹಿಗ್ಗಿಸುತ್ತವೆ. ಅಮೆರಿಕದ ಇಂಜಿನಿಯರ್ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಈ ಗುಣವನ್ನೇ ನೆಚ್ಚಿಕೊಂಡು ಮೂಲೆಯಲ್ಲೇ ಕೂರುವ ಕ್ಲಿಪ್ಶ್‌ಹಾರ್ನ್ ಸ್ಪೀಕರ್ ರೂಪಿಸಿದ್ದರು. ತಬಲಾದ ಡಗ್ಗಾ ಗುಂಯ್‌ಗುಡತೊಡಗಿದರೆ ಮತ್ತೆ ಸ್ವಲ್ಪ ಈಚೆಗೆ ಎಳೆಯಿರಿ.