ಆಗುಂಬೆ: ಋತು ನೋಡಿ ಊರು ನೋಡುವ ಬಗೆ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ಅಂಚಿಗೆ ಅಂಟಿಕೊಂಡಂತೆ ಸುಮಾರು 640 ಮೀಟರ್ ಎತ್ತರದಲ್ಲಿರುವ ಆಗುಂಬೆಗೆ ಬರುವವರಲ್ಲಿ ಹೆಚ್ಚಿನವರು ಸಂಜೆ ಐದೂವರೆಗೆ ಕಾರು ನಿಲ್ಲಿಸಿ, ಅರ್ಧ ಗಂಟೆ ಸೂರ್ಯಾಸ್ತ ನೋಡಿ, ಕತ್ತಲಾಗುವ ಹೊತ್ತಿಗೆ ಶೃಂಗೇರಿಗೋ ಉಡುಪಿಗೋ ಹೊರಟುಬಿಡುತ್ತಾರೆ. ಊರು ಚಿಕ್ಕದು, ಈ ತುದಿಯಿಂದ ಆ ತುದಿಗೆ ನಡೆಯಲು ಹತ್ತು ನಿಮಿಷ ಸಾಕು ಎಂಬುದು ನಿಜ. ಆದರೆ ಸುತ್ತಲಿನ ಕಾಡು, ಅಬ್ಬಿ, ಬಸದಿ, ಕೋಟೆಗಳನ್ನು ಸಾವಧಾನವಾಗಿ ನೋಡಬೇಕೆಂದರೆ ಕನಿಷ್ಠ ಮೂರು ರಾತ್ರಿ ಇಲ್ಲಿ ಉಳಿಯಬೇಕು. ಹೊರಡುವ ಮೊದಲೇ ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ನೀವು ನೋಡಲು ಬರುತ್ತಿರುವುದು ಮಳೆಯನ್ನೋ, ನೋಟವನ್ನೋ? ಎರಡೂ ಒಂದೇ ಪ್ರವಾಸದಲ್ಲಿ ಸಿಗುವುದು ಅಪರೂಪ.

ಅರಬ್ಬಿ ಸಮುದ್ರದಿಂದ ಬೀಸುವ ತೇವದ ಗಾಳಿ ಕರಾವಳಿಯ ಬಯಲನ್ನು ದಾಟಿ, ಇಲ್ಲಿ ಗೋಡೆಯಂತೆ ಎದ್ದಿರುವ ಘಟ್ಟಕ್ಕೆ ಬಡಿದು ಮೇಲೇರುವಾಗ ತಣಿದು ಮಳೆಯಾಗುತ್ತದೆ. ಹೀಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜುಲೈಯಲ್ಲಿ ಬಂದವರಿಗೆ ಎದುರಿನ ಮರವೂ ಮಂಜಿನಲ್ಲಿ ಮುಚ್ಚಿಹೋಗಿರುತ್ತದೆ, ಕಾಡಿನ ದಾರಿಗಳು ಬಹುತೇಕ ಮುಚ್ಚಿರುತ್ತವೆ. ಹಾಗೆಂದು ಆ ತಿಂಗಳುಗಳು ವ್ಯರ್ಥವಲ್ಲ. ಹಂಚಿನ ಮಾಡಿನ ಮೇಲೆ ಹಗಲಿರುಳು ಬಿಡದೆ ಬೀಳುವ ಮಳೆಯ ಸದ್ದನ್ನು ಜಗಲಿಯಲ್ಲಿ ಕುಳಿತು ಕೇಳುವುದಕ್ಕಾಗಿಯೇ ಬರುವವರಿದ್ದಾರೆ, ಅವರ ಆಯ್ಕೆ ಸರಿಯಾದುದೇ. ಅಬ್ಬಿಗಳು ತುಂಬಿರುವಾಗಲೇ ದಾರಿಯೂ ತೆರೆದಿರಬೇಕೆಂದರೆ ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಕೊನೆಯವರೆಗೆ ಬನ್ನಿ. ದೂರದ ನೋಟ, ಕೋಟೆ ಮತ್ತು ಬೆಟ್ಟ ಮುಖ್ಯವಾದರೆ ಡಿಸೆಂಬರ್ ಮತ್ತು ಜನವರಿ ಒಳ್ಳೆಯದು. ಮಾರ್ಚ್ ಕಳೆದ ಮೇಲೆ ಅಬ್ಬಿಗಳು ಸೊರಗುತ್ತವೆ, ಬಿಸಿಲಿನ ಮಬ್ಬು ಕಡಲನ್ನು ಮರೆಮಾಡುತ್ತದೆ.

ಬೆಂಗಳೂರಿನಿಂದ ಬರುವವರು ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ತೀರ್ಥಹಳ್ಳಿ ಮಾರ್ಗವಾಗಿ ಬಸ್ಸು ಹಿಡಿಯುವುದು ಸುಲಭ. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಕರಾವಳಿಯಿಂದ ಬರುವವರು ಉಡುಪಿ, ಹೆಬ್ರಿ, ಸೋಮೇಶ್ವರ ದಾಟಿ, 14 ಕಡಿದಾದ ತಿರುವುಗಳ ಆಗುಂಬೆ ಘಾಟಿಯನ್ನು ಹತ್ತಬೇಕು. ಈ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗದ ಕಾರಣ ಮಿನಿ ಬಸ್ಸುಗಳೇ ಓಡಾಡುತ್ತವೆ, ಭಾರಿ ವಾಹನಗಳಿಗೆ ಅವಕಾಶವಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದುಂಟು, ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಕೊಳ್ಳಿ. ಸ್ವಂತ ವಾಹನವಿದ್ದರೆ ಇಂಧನವನ್ನು ತೀರ್ಥಹಳ್ಳಿಯಲ್ಲೋ ಹೆಬ್ರಿಯಲ್ಲೋ ತುಂಬಿಸಿಕೊಂಡು, ಕೈಯಲ್ಲಿ ನಗದು ಇಟ್ಟುಕೊಂಡು ಬರುವುದು ಜಾಣತನ. ಮಳೆ ಜೋರಾದರೆ ಮೊದಲು ಹೋಗುವುದು ವಿದ್ಯುತ್ತು, ಅದರ ಬೆನ್ನಿಗೇ ಮೊಬೈಲ್ ಸಂಪರ್ಕ.

ಮೊದಲ ದಿನವನ್ನು ಊರಿಗೇ ಮೀಸಲಿಡಿ. ಮುಖ್ಯ ಬೀದಿಯಲ್ಲಿರುವ ದೊಡ್ಡಮನೆ ನೂರು ವರ್ಷಕ್ಕೂ ಹಳೆಯದು. ಒಳಗೆ ತೆರೆದ ಅಂಗಳ, ಅದರ ನಾಲ್ಕೂ ಬದಿಗೆ ಜಗಲಿ, ಕೈ ತಾಗಿ ತಾಗಿ ಎಣ್ಣೆ ಹಚ್ಚಿದಂತೆ ಹೊಳೆಯುವ ಮರದ ಕಂಬಗಳು. 1980ರ ದಶಕದಲ್ಲಿ ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದ್ದು ಈ ಊರಿನಲ್ಲಿ, ಈ ಮನೆಯಲ್ಲಿ. ಆದರೆ ಇದು ವಸ್ತುಸಂಗ್ರಹಾಲಯವಲ್ಲ, ಒಂದು ಕುಟುಂಬ ಬಾಳುವ ಮನೆ ಎಂಬುದನ್ನು ಮರೆಯಬಾರದು. ಹೆಬ್ಬಾಗಿಲು ತೆರೆದಿದೆಯೆಂದು ಕ್ಯಾಮೆರಾ ಹಿಡಿದು ಒಳನುಗ್ಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊರಗೆ ಚಪ್ಪಲಿ ಬಿಟ್ಟು, ಕೇಳಿ, ಕರೆದರೆ ಒಳಗೆ ಹೋಗಿ. ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಬಿಸಿ ಕಷಾಯ ಕೊಡುವ ರೂಢಿ ಇನ್ನೂ ಇದೆ. ಜೀರಿಗೆ, ಕೊತ್ತಂಬರಿ, ಮೆಣಸಿನ ಘಮದ ಆ ಲೋಟವನ್ನು ಬೇಡವೆನ್ನಬೇಡಿ. ಊಟ ಎಲ್ಲಿಯೇ ಮಾಡಲಿ, ಮಳೆಗಾಲವಾದರೆ ಕೆಸುವಿನೆಲೆಯ ಪತ್ರೊಡೆ ಮತ್ತು ಕಳಲೆಯ ಪಲ್ಯ ಇದೆಯೇ ಎಂದು ವಿಚಾರಿಸಿ.

ಅದೇ ಸಂಜೆ ಸೂರ್ಯಾಸ್ತ ನೋಡಲು ಹೋಗಬಹುದು. ಘಾಟಿಯ ತಲೆಯ ಬಳಿ ರಸ್ತೆ ಬದಿಯಲ್ಲೇ ಕಟ್ಟೆಯಿದೆ. ಅಲ್ಲಿಂದ ಕಡಲಿಗೆ ನೇರ ದೂರ ಸುಮಾರು 40 ಕಿಲೋಮೀಟರ್. ತಿಳಿಯಾದ ಸಂಜೆಯಲ್ಲಿ ಸೂರ್ಯ ನೀರಿಗಿಳಿಯುವುದು ಕಾಣುತ್ತದೆ. ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುವುದರಿಂದ ಐದೂಕಾಲಿಗೆ ಅಲ್ಲಿರಬೇಕು. ಮುಳುಗಿದ ಕೂಡಲೇ ಜನ ಕರಗುತ್ತಾರೆ, ನೀವು ಇನ್ನೂ ಇಪ್ಪತ್ತು ನಿಮಿಷ ಕಾಯಿರಿ: ಕೆಳಗಿನ ಬೆಟ್ಟದ ಸಾಲುಗಳು ಒಂದರ ಹಿಂದೊಂದು ಬಣ್ಣ ಬದಲಿಸಿ, ಕಣಿವೆಯಲ್ಲಿ ಕರಾವಳಿಯ ದೀಪಗಳು ಹೊತ್ತಿಕೊಳ್ಳುವುದು ಆಮೇಲೆಯೇ.

ಎರಡನೆಯ ದಿನ ನೀರಿನ ಬೆನ್ನು ಹತ್ತಿ. ಆಗುಂಬೆ ಕುಳಿತಿರುವುದು ನೀರು ಇಬ್ಭಾಗವಾಗುವ ಏಣಿನ ಮೇಲೆ. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಜೋಗಿಗುಂಡಿಯಲ್ಲಿ ಬಂಡೆಯ ಸಂದಿನಿಂದ ಹೊರಬಂದು ಧುಮುಕುವ ನೀರು ಮಲಾಪಹಾರಿ. ಅದು ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದಕ್ಕಿಂತ ಸ್ವಲ್ಪವೇ ಆಚೆ ಬರ್ಕಣದಲ್ಲಿ ಸುಮಾರು 850 ಅಡಿ ಎತ್ತರದಿಂದ ಬೀಳುವ ಸೀತಾ ನದಿಯ ನೀರು ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಬೆಳಿಗ್ಗೆ ಜೋಗಿಗುಂಡಿ ನೋಡಿ, ಬಳಿಕ ಬರ್ಕಣದ ಕಣಿವೆಯ ಎದುರು ನಿಂತರೆ, ಒಂದೇ ಮೋಡದ ನೀರು ಎರಡು ಕಡಲಿಗೆ ಹಂಚಿಹೋಗುವುದನ್ನು ಅರ್ಧ ದಿನದಲ್ಲಿ ಕಂಡಂತಾಗುತ್ತದೆ. ಜೋಗಿಗುಂಡಿಯ ಮಡು ಶಾಂತವಾಗಿ ಕಂಡರೂ ಆಳವಾಗಿದೆ, ಬಂಡೆಗಳು ಪಾಚಿಗಟ್ಟಿವೆ. ಈಜು ಬಲ್ಲವರೂ ಇಳಿಯಬಾರದು. ಮೇಲಿನಿಂದ ಒನಕೆಯಂತೆ ನೆಟ್ಟಗೆ ಬೀಳುವ ಒನಕೆ ಅಬ್ಬಿಯನ್ನು ಅದರ ನೆತ್ತಿಯಿಂದ ನೋಡುವುದು, ಬರ್ಕಣದ ನೋಟ, ನರಸಿಂಹ ಪರ್ವತದ ಚಾರಣ, ಇವೆಲ್ಲ ಕಾಯ್ದಿಟ್ಟ ಕಾಡಿನೊಳಗೆ ಹೋಗುವ ದಾರಿಗಳು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದು, ಸ್ಥಳೀಯ ಮಾರ್ಗದರ್ಶಿಯೊಡನೆ ಮಾತ್ರ ಹೋಗಬೇಕು, ದಾರಿ ಮುಚ್ಚಿದೆ ಎಂದರೆ ವಾದಿಸದೆ ಹಿಂದಿರುಗಬೇಕು.

ಕಾಡಿಗೆ ಕಾಲಿಡುವ ಮೊದಲು ಮೂರು ಜೀವಿಗಳ ವಿಷಯ ತಿಳಿದಿರಬೇಕು. ಮೊದಲನೆಯದು ಉಂಬಳ, ಅಂದರೆ ನೆಲದ ಮೇಲಿನ ಜಿಗಣೆ. ಮಳೆ ನಿಂತ ಎಷ್ಟೋ ವಾರಗಳವರೆಗೂ ತರಗೆಲೆಗಳ ಮೇಲೆ ತಲೆಯೆತ್ತಿ ನಿಂತು ಮನುಷ್ಯನ ಬಿಸಿಯನ್ನು ಹುಡುಕುವ ಈ ಜೀವಿ ಅಪಾಯಕಾರಿಯಲ್ಲ. ಮೊಣಕಾಲವರೆಗಿನ ದಪ್ಪ ಕಾಲುಚೀಲ ಹಾಕಿ, ಸುಣ್ಣ ಮತ್ತು ಹೊಗೆಸೊಪ್ಪು ಸವರಿಕೊಳ್ಳಿ. ಹತ್ತಿದರೆ ಎಳೆಯದೆ ಉಪ್ಪು ಮುಟ್ಟಿಸಿದರೆ ತಾನಾಗಿ ಉದುರುತ್ತದೆ, ಆಮೇಲೂ ತುಸು ಹೊತ್ತು ರಕ್ತ ಒಸರಿದರೆ ಗಾಬರಿಯಾಗಬೇಕಿಲ್ಲ. ಎರಡನೆಯದು ಕಾಳಿಂಗ ಸರ್ಪ. ಮೊಟ್ಟೆಗಾಗಿ ತರಗೆಲೆಯನ್ನು ಗುಡ್ಡೆಹಾಕಿ ಗೂಡು ಕಟ್ಟುವ ಹಾವು ಇದು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದು ಮುಖ್ಯವಾಗಿ ಇದರ ಕಾರಣಕ್ಕೆ. ಅದು ಸಂಶೋಧಕರ ಕೆಲಸದ ಜಾಗ, ಮುಂಚಿತವಾಗಿ ಬರೆದು ಕೇಳದೆ ಹೋಗಬಾರದು. ಹಾವು ಎದುರಾದರೆ ನಿಂತು, ಹಿಂದೆ ಸರಿದು, ದಾರಿ ಬಿಡಿ. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಎಚ್ಚರ ಬೇಕಾದದ್ದೂ ಅದೇ: ಉಣುಗು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇದರ ಕಡಿತದಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ತೋಳು, ಕಾಲು ಮುಚ್ಚುವ ಬಟ್ಟೆ ತೊಟ್ಟು, ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು, ತರಗೆಲೆಯ ಮೇಲೆ ಕೂರದೆ, ಹಿಂತಿರುಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಮರಳಿದ ಒಂದೆರಡು ವಾರದೊಳಗೆ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ಮೂರನೆಯ ದಿನಕ್ಕೆ ನಾನು ಎಲ್ಲರಿಗೂ ಹೇಳುವುದು ಕುಂದಾದ್ರಿ. ತೀರ್ಥಹಳ್ಳಿ ರಸ್ತೆಯಲ್ಲಿ ಗುಡ್ಡೇಕೇರಿಯ ಬಳಿ ತಿರುಗಿದರೆ, ಬಯಲಿನಿಂದ ಒಂಟಿಯಾಗಿ ಎದ್ದ ಬಂಡೆಬೆಟ್ಟ ಕಾಣುತ್ತದೆ; ನೆತ್ತಿಯ ಹತ್ತಿರದವರೆಗೂ ಡಾಂಬರು ರಸ್ತೆಯಿದ್ದರೂ ಅದು ಬಹಳ ಕಡಿದು, ಹೊಸದಾಗಿ ವಾಹನ ಕಲಿತವರು ಕೆಳಗೇ ನಿಲ್ಲಿಸಿ ನಡೆಯುವುದು ಒಳ್ಳೆಯದು. ಜೈನ ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿಂದ ಬೆಟ್ಟಕ್ಕೆ ಈ ಹೆಸರು. ಮೇಲೆ ಪಾರ್ಶ್ವನಾಥ ತೀರ್ಥಂಕರರ ಕಲ್ಲಿನ ಬಸದಿ, ಅದರ ಪಕ್ಕದಲ್ಲೇ ಬಂಡೆಯ ಮಡಿಲಲ್ಲಿ ಕೊಳ. ಬೆಳಗಿನ ಏಳಕ್ಕೆ ಮೊದಲು ತಲುಪಿದರೆ ಕೆಳಗಿನ ಕಾಡು, ಅಡಿಕೆ ತೋಟ, ಗದ್ದೆಗಳೆಲ್ಲ ಹಾಲಿನಂತಹ ಮಂಜಿನೊಳಗೆ ಮುಳುಗಿ, ಕೆಲವು ಗುಡ್ಡದ ನೆತ್ತಿಗಳಷ್ಟೇ ದ್ವೀಪಗಳಂತೆ ತೇಲುತ್ತಿರುತ್ತವೆ. ಬಿಸಿಲು ಏರಿದಂತೆ ಮಂಜು ಹರಿದು ಮೊದಲು ಒಂದು ಹಂಚಿನ ಮನೆ, ಆಮೇಲೆ ಅದರ ಅಂಗಳ, ಅಂಗಳದಲ್ಲಿ ಒಣಗಲು ಹರವಿದ ಅಡಿಕೆ, ಹೀಗೆ ಒಂದೊಂದಾಗಿ ಗೋಚರಿಸುತ್ತವೆ. ಮಕರ ಸಂಕ್ರಾಂತಿಯಂದು ಇಲ್ಲಿ ಜನ ಸೇರುತ್ತಾರೆ. ನಿಶ್ಶಬ್ದ ಬೇಕೆನ್ನುವವರು ಆ ದಿನವನ್ನು ಬಿಟ್ಟು ಬರಬೇಕು. ಬಸದಿಯ ಕಟ್ಟೆಯ ಮೇಲೆ ಚಪ್ಪಲಿ ಧರಿಸುವುದು, ಕೊಳದಲ್ಲಿ ಕೈಕಾಲು ತೊಳೆಯುವುದು ಸಲ್ಲದು.

ಕುಂದಾದ್ರಿಯಿಂದ ಇಳಿದು ತೀರ್ಥಹಳ್ಳಿಗೆ ಹೋದರೆ ಮುಂದೆ ಎರಡು ದಾರಿಗಳಿವೆ. ಕೋಟೆಯ ಆಸೆಯಿದ್ದವರು ಕವಲೇದುರ್ಗಕ್ಕೆ ಹೋಗಬೇಕು: ಕೆಳದಿ ನಾಯಕರ ಕಾಲದಲ್ಲಿ ಬೆಳೆದ ಈ ಗಿರಿದುರ್ಗದಲ್ಲಿ ಗದ್ದೆಯಂಚಿನಿಂದ ಶುರುವಾಗುವ ಕಲ್ಲುಹಾಸಿನ ದಾರಿ ಒಂದರೊಳಗೊಂದಾದ ಕೋಟೆಗೋಡೆಗಳ ಬಾಗಿಲುಗಳನ್ನು ದಾಟಿಸಿ, ಅರಮನೆಯ ತಳಪಾಯ, ಕೊಳ, ದೇವಾಲಯಗಳವರೆಗೆ ಒಯ್ಯುತ್ತದೆ. ನೀರು, ತಿಂಡಿ ಕೆಳಗಿನಿಂದಲೇ ಒಯ್ಯಿರಿ, ಮೂರು ಗಂಟೆ ಬೇಕಾಗುತ್ತದೆ. ಸಾಹಿತ್ಯದ ಒಲವಿದ್ದವರು ಕೊಪ್ಪದ ರಸ್ತೆಯಲ್ಲಿ ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆಯನ್ನೂ, ಅವರ ಸಮಾಧಿಯಿರುವ ಕವಿಶೈಲವನ್ನೂ ನೋಡಬಹುದು. ಎರಡನ್ನೂ ಒಂದೇ ದಿನದಲ್ಲಿ ತುರುಕಬೇಡಿ.

ಇನ್ನೊಂದು ದಿನ ಉಳಿದಿದ್ದರೆ ಶೃಂಗೇರಿ ಮೂವತ್ತು ಕಿಲೋಮೀಟರಿನೊಳಗೇ ಇದೆ. ಅಲ್ಲಿ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳ ನಡುವೆ ನಿಂತು, ಕಂಬದ ಸಿಂಹದ ಬಾಯೊಳಗೆ ಹೊರಳುವ ಕಲ್ಲಿನ ಗುಂಡನ್ನು ಗಮನಿಸಿ. ಅದನ್ನು ಹೊರಗಿನಿಂದ ಇಟ್ಟದ್ದಲ್ಲ, ಒಳಗೇ ಕಡೆದದ್ದು. ಮಠದ ಊಟ ಮುಗಿಸಿ, ಮಧ್ಯಾಹ್ನ ಕಿಗ್ಗದ ಋಷ್ಯಶೃಂಗೇಶ್ವರನನ್ನೂ ಮುಂದೆ ಸಿರಿಮನೆ ಅಬ್ಬಿಯನ್ನೂ ನೋಡಿಕೊಂಡು ಕತ್ತಲೆಗೆ ಮೊದಲು ಆಗುಂಬೆಗೆ ಹಿಂತಿರುಗಬಹುದು. ಮಳೆ ಬಾರದಿದ್ದರೂ ಅತಿಯಾದರೂ ಜನ ಮೊರೆಹೋಗುವ ದೇವರು ಕಿಗ್ಗದವನು.

ಮರಳುವಾಗ ಸಾಧ್ಯವಿದ್ದರೆ ಘಾಟಿಯ ಮೂಲಕವೇ, ಬೆಳಗಿನ ಮಿನಿ ಬಸ್ಸಿನಲ್ಲಿ ಇಳಿಯಿರಿ. ದಾರಿಬದಿಯ ಕೋತಿಗಳಿಗೆ ತಿಂಡಿ ಎಸೆಯಬೇಡಿ, ತಿರುವುಗಳಲ್ಲಿ ಅವು ಚಕ್ರದಡಿ ಸಿಗುವುದು ಆ ರೂಢಿಯಿಂದಲೇ. ಕೊನೆಯ ತಿರುವು ಕಳೆದು ಸೋಮೇಶ್ವರ ದಾಟಿ ಹೆಬ್ರಿಯ ಕಡೆ ಸಾಗುವಾಗ ಸೀತಾ ನದಿ ರಸ್ತೆಯ ಹತ್ತಿರಕ್ಕೆ ಬರುತ್ತದೆ. ಬರ್ಕಣದಲ್ಲಿ ಕಣಿವೆಗೆ ಬಿದ್ದ ನೀರು ಇಲ್ಲಿ ಮರಗಳ ನೆರಳಲ್ಲಿ, ಕಲ್ಲುಗಳ ನಡುವೆ ತಣ್ಣಗೆ ಹರಿಯುತ್ತಿರುತ್ತದೆ.