ಗೆಘರ್ದ್ ಮಠದಲ್ಲಿ ಅವ್ವನ ಜೊತೆ ಒಂದು ದಿನ

ಅರ್ಮೇನಿಯಾಕ್ಕೆ ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪು ಒಂದೇ. ಟೂರಿಸ್ಟ್ ಬಸ್ ಹತ್ತಿ, ಒಂದೇ ದಿನದಲ್ಲಿ ಎಷ್ಟು ಮಠ ಆಗುತ್ತೋ ಅಷ್ಟೂ ನೋಡಿಬಿಡೋಣ ಅಂತ ಹೊರಟಿದ್ದೆ. ಖೋರ್ ವಿರಾಪ್‌ನಲ್ಲಿ ಅರ್ಮೇನಿಯಾವನ್ನು ಕ್ರೈಸ್ತ ಧರ್ಮಕ್ಕೆ ತಂದ ಸಂತ ಗ್ರೆಗರಿಯನ್ನು ಹದಿಮೂರು ವರ್ಷ ಕೂಡಿಹಾಕಿದ್ದರು ಅನ್ನುವ ಗುಂಡಿಗೆ ಕಬ್ಬಿಣದ ಏಣಿ ಇಳಿದು ಹತ್ತಿದ್ದೇ ಬಂತು, ಹೊರಗೆ ನಿಂತು ಅರಾರತ್ ಬೆಟ್ಟ ನೋಡುವಷ್ಟರಲ್ಲಿ ಬಸ್ಸಿನವರು ಕರೆದರು. ನೊರವಾಂಕ್‌ನಲ್ಲೂ ಅದೇ ಕಥೆ. ರಾತ್ರಿ ರಾಜಧಾನಿ ಯೆರೆವಾನ್‌ಗೆ ವಾಪಸ್ ಬಂದಾಗ ಫೋನಿನಲ್ಲಿ ಫೋಟೋ ಇದ್ದವು, ತಲೆಯಲ್ಲಿ ಏನೂ ಇರಲಿಲ್ಲ.

ಎರಡನೇ ಸಲ ಅವ್ವ ಜೊತೆಗಿದ್ದಳು. ಬಾದಾಮಿಯಿಂದ ದುಬೈಗೆ ನನ್ನ ಮನೆಗೆ ಬಂದಿದ್ದಳು. ಅಲ್ಲಿಂದ ಯೆರೆವಾನ್‌ಗೆ ವಿಮಾನದಲ್ಲಿ ಮೂರು ತಾಸಿನ ದಾರಿ. ಅವಳ ಮೊಣಕಾಲು ನೋಡಿಕೊಂಡು ಎರಡೇ ಜಾಗ ಇಟ್ಟುಕೊಂಡೆ: ಗೆಘರ್ದ್ ಮಠ ಮತ್ತು ಗಾರ್ನಿಯ ಹಳೇ ಗುಡಿ. ಯೆರೆವಾನ್‌ನಿಂದ ಗಾರ್ನಿವರೆಗೆ ಮರ್ಶ್ರುತ್ಕಾ ಅನ್ನುವ ವ್ಯಾನ್ ಸಿಗುತ್ತದೆ, ಅಗ್ಗ. ಆದರೆ ಅಲ್ಲಿಂದ ಗೆಘರ್ದ್‌ಗೆ ಇನ್ನೂ ಹತ್ತು ಕಿಲೋಮೀಟರ್ ಇದೆ, ಅದಕ್ಕೆ ಬೇರೆ ಟ್ಯಾಕ್ಸಿ ಹುಡುಕಬೇಕು. ವಯಸ್ಸಾದವರು ಜೊತೆಗಿದ್ದರೆ ಈ ಉಳಿತಾಯ ಬೇಡ. ಇಡೀ ದಿನಕ್ಕೆ ಒಂದು ಕಾರು ಮಾತಾಡಿಕೊಂಡೆ. ಎಲ್ಲರೂ ಮೊದಲು ಗಾರ್ನಿ ನೋಡಿ ಆಮೇಲೆ ಗೆಘರ್ದ್‌ಗೆ ಹೋಗುತ್ತಾರೆ. ನಾನು ತಿರುಗಾಮುರುಗಾ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಹೊರಟು ಒಂಬತ್ತಕ್ಕೆ ಗೆಘರ್ದ್ ಮುಟ್ಟಿದಾಗ ಅಲ್ಲಿ ಒಂದೂ ಬಸ್ ಇರಲಿಲ್ಲ.

ಗೆಘರ್ದ್ ಅಂದರೆ ಈಟಿ. ಶಿಲುಬೆಯ ಮೇಲಿದ್ದ ಏಸುವಿನ ಪಕ್ಕೆಗೆ ಚುಚ್ಚಿದ ಈಟಿ ಈ ಮಠದಲ್ಲಿತ್ತು ಅಂತ ನಂಬಿಕೆ. ಈಗ ಅದನ್ನು ಅರ್ಮೇನಿಯಾದ ಚರ್ಚಿನ ಮುಖ್ಯ ಕೇಂದ್ರವಾದ ಎಚ್ಮಿಯಾಜಿನ್‌ನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಮಠದ ಹಳೆಯ ಹೆಸರು ಐರಿವಾಂಕ್, ಗುಹೆಯ ಮಠ. ಆ ಹೆಸರೇ ಸರಿ ಅನಿಸುತ್ತದೆ. ಹೊರಗಿನ ದೊಡ್ಡ ಚರ್ಚನ್ನು 1215ರಲ್ಲಿ ಕಲ್ಲು ಜೋಡಿಸಿ ಕಟ್ಟಿದ್ದಾರೆ. ಅದರ ಹಿಂದಿನದ್ದೆಲ್ಲ ಗುಡ್ಡವನ್ನೇ ಕೊರೆದು ಮಾಡಿದ್ದು.

ಬಾಗಿಲಲ್ಲಿ ಅವ್ವ ನಿಂತುಬಿಟ್ಟಳು. ಚಪ್ಪಲಿ ಎಲ್ಲಿ ಬಿಡಬೇಕು ಅಂತ ಅವಳ ಚಿಂತೆ. ಇಲ್ಲಿ ಯಾರೂ ಬಿಡಲ್ಲ, ಹಂಗೇ ಹೋಗಬಹುದು ಅಂದೆ. "ಅವ್ರು ಬಿಡದಿದ್ರ ನಾನೂ ಬಿಡಬಾರದೇನು?" ಅಂದು ಒಂದು ಮೂಲೆಯಲ್ಲಿ ಬಿಟ್ಟೇ ಒಳಗೆ ನಡೆದಳು. ತಲೆಯ ಮೇಲೆ ಸೆರಗು ಮೊದಲೇ ಇತ್ತು. ಮೇಣದಬತ್ತಿ ಮಾರುತ್ತಿದ್ದ ಅಜ್ಜಿ ಅದನ್ನು ನೋಡಿ ಮೆಚ್ಚಿದಂತೆ ತಲೆ ಆಡಿಸಿದಳು. ಅಲ್ಲಿ ಹೆಂಗಸರು ತಲೆಗೆ ಸ್ಕಾರ್ಫ್ ಹಾಕಿಕೊಳ್ಳುವುದು ವಾಡಿಕೆ. ಇಬ್ಬರಿಗೂ ಒಂದು ಮಾತೂ ಅರ್ಥ ಆಗದಿದ್ದರೂ ಐದು ನಿಮಿಷ ಮಾತಾಡಿದರು.

ಒಳಗೆ ಹೋದವರು ತಕ್ಷಣ ಫೋನ್ ತೆಗೆಯಬೇಡಿ. ಮೊದಲು ಏನೂ ಕಾಣಿಸುವುದಿಲ್ಲ. ನೆತ್ತಿಯ ಮೇಲೆ ಒಂದು ಕಿಂಡಿ, ಅಲ್ಲಿಂದ ಬೀಳುವ ಬೆಳಕು ಅಷ್ಟೇ. ಸುಮ್ನೆ ನಿಂತಿರಿ. ನಿಧಾನವಾಗಿ ಕಂಬ ಕಾಣುತ್ತದೆ, ಆಮೇಲೆ ಕಮಾನು, ಆಮೇಲೆ ಗೋಡೆಯಲ್ಲಿ ಎರಡು ಸಿಂಹ. ಅವುಗಳ ಕುತ್ತಿಗೆಗೆ ಸರಪಳಿ, ಸರಪಳಿಯನ್ನು ಬಾಯಲ್ಲಿ ಕಚ್ಚಿದ ಎತ್ತಿನ ತಲೆ, ಕೆಳಗೆ ಕುರಿಮರಿ ಹಿಡಿದ ಹದ್ದು. ಮಠವನ್ನು ಕೊಂಡು ಈ ಗುಹೆಗಳನ್ನು ಕೊರೆಸಿದ ಪ್ರೋಷ್ಯಾನ್ ಮನೆತನದ ಗುರುತು ಅದು.

ಇನ್ನೊಂದು ಗುಹೆಯಲ್ಲಿ ಬಂಡೆಯೊಳಗಿಂದಲೇ ನೀರು ಬರುತ್ತದೆ. ನೆಲದ ಮೇಲಿನ ಸಣ್ಣ ಕಾಲುವೆಯಲ್ಲಿ ಹರಿದು ಹೋಗುತ್ತದೆ. ಬರಿಗಾಲಿನ ಅವ್ವ ಕಾಲಿಟ್ಟವಳೇ "ಅಯ್ಯಯ್ಯ, ಥಂಡಿ!" ಅಂದಳು. ಆಮೇಲೆ ಬೊಗಸೆಯಲ್ಲಿ ಹಿಡಿದು ಕುಡಿದು, ತಲೆಗೆ ಸವರಿಕೊಂಡಳು. ಪಕ್ಕದಲ್ಲಿದ್ದ ಅರ್ಮೇನಿಯಾದ ಹುಡುಗಿಯೂ ಅದನ್ನೇ ಮಾಡುತ್ತಿದ್ದಳು.

ಹೊರಗೆ ಬಂಡೆಗಳ ತುಂಬ ಶಿಲುಬೆ ಕೆತ್ತಿದ ಕಲ್ಲುಗಳು. ಖಾಚ್‌ಕಾರ್ ಅನ್ನುತ್ತಾರೆ. ಸತ್ತವರ ಆತ್ಮಕ್ಕೆ ಒಳ್ಳೆಯದಾಗಲಿ ಅಂತ, ಗೆದ್ದ ನೆನಪಿಗೆ ಅಂತ ನಿಲ್ಲಿಸುತ್ತಿದ್ದರು. ವೀರಗಲ್ಲು ನೋಡಿ ಬೆಳೆದವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. 1215 ಅಂತ ಹೇಳಿದಾಗ ಮಾತ್ರ ಅವ್ವ ಸ್ವಲ್ಪ ಬೀಗಿದಳು. ನಮ್ಮೂರಿನ ಮೂರನೇ ಗುಹೆಯ ಶಾಸನ 578ರದ್ದು, ಅವಳಿಗೆ ಅದು ಬಾಯಿಪಾಠ. "ನಮ್ದು ಹಳೇದು. ಆದ್ರ ಇವ್ರ ಕಲ್ಲು ಕರೀದು, ಗಟ್ಟಿ. ನಮ್ಮ ಕೆಂಪು ಕಲ್ಲಿನಂಗಲ್ಲ. ಕಡ್ಯಾಕ ಭಾಳ ಕಷ್ಟ ಬಿದ್ದಿರ್ತಾರ."

ಮೇಲಿನ ಗುಹೆಗೆ ಹೊರಗಿನಿಂದ ಮೆಟ್ಟಿಲು ಹತ್ತಬೇಕು. ನಿಧಾನಕ್ಕೆ ಹತ್ತಿಸಿದೆ. ಅಲ್ಲಿ ದನಿ ಹೊಮ್ಮುವ ರೀತಿ ಹೆಸರುವಾಸಿ, ಕೆಲವೊಮ್ಮೆ ಹಾಡುವ ತಂಡದವರು ಬಂದು ಹಾಡುತ್ತಾರೆ. ಅವತ್ತು ಯಾರೂ ಇರಲಿಲ್ಲ. ಒಂದು ವಚನ ಹೇಳವ್ವ ಅಂದೆ. "ಹೋಗೋ, ಮಂದಿ ಏನಂದಾರು" ಅಂದಳು. ಸ್ವಲ್ಪ ಹೊತ್ತಿಗೆ ತಾನೇ ಮೆಲ್ಲಗೆ ಒಂದು ಸಾಲು ಅಂದಳು. ಅವಳ ದನಿ ನಾಲ್ಕೂ ಕಡೆಯಿಂದ ಅವಳಿಗೇ ವಾಪಸ್ ಬಂತು. ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಸುತ್ತ ನೋಡಿದಳು. ಆಮೇಲೆ ಪೂರ್ತಿ ಹೇಳಿದಳು.

ಗಾರ್ನಿ ಬಗ್ಗೆ ಹೇಳುವುದು ಕಡಿಮೆ. ಅದು ಮಠವೂ ಅಲ್ಲ, ಕ್ರೈಸ್ತ ಧರ್ಮ ಬರುವ ಮೊದಲಿನ ಗುಡಿ. 1679ರ ಭೂಕಂಪದಲ್ಲಿ ಬಿದ್ದದ್ದನ್ನು 1969ರಿಂದ 1975ರವರೆಗೆ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಗೆಘರ್ದ್ ನೋಡಿದ ಕಣ್ಣಿಗೆ ಸ್ವಲ್ಪ ಹೊಸದು ಅನಿಸಿತು.

ಆದರೆ ಗಾರ್ನಿಯಲ್ಲೇ ಊಟ ಮಾಡಿ. ಅಲ್ಲಿ ಹೆಂಗಸರು ನೆಲದಲ್ಲಿ ಹೂತ ತೊನಿರ್ ಒಲೆಯಲ್ಲಿ ಲವಾಶ್ ಅನ್ನುವ ತೆಳು ರೊಟ್ಟಿ ಸುಡುತ್ತಾರೆ. ಹಿಟ್ಟನ್ನು ತೆಳ್ಳಗೆ ಎಳೆದು, ದಿಂಬಿನಂಥದ್ದರ ಮೇಲೆ ಹರಡಿ, ಒಲೆಯ ಗೋಡೆಗೆ ಪಟ್ ಅಂತ ಬಡಿಯುತ್ತಾರೆ. ಮಾಂಸ ತಿನ್ನದವರು 'ಪಸುಟ್ಸ್' ಅಂತ ಕೇಳಿ, ಅಂದರೆ ಉಪವಾಸದ ಊಟ. ಬೆಣ್ಣೆ, ಹಾಲೂ ಇರುವುದಿಲ್ಲ. ನಾವು ಲವಾಶ್, ಚೀಸ್, ಹಸಿ ಸೊಪ್ಪು ತಿಂದೆವು.

ಈ ರೊಟ್ಟಿ ಒಣಗಿಸಿ ತಿಂಗಳುಗಟ್ಟಲೆ ಇಡುತ್ತಾರೆ, ತಿನ್ನುವಾಗ ನೀರು ಚಿಮುಕಿಸುತ್ತಾರೆ ಅಂತ ಡ್ರೈವರ್ ಹೇಳಿದ. ಅವ್ವನಿಗೆ ಹೇಳಿದೆ. "ಮತ್ತ? ಖಡಕ್ ರೊಟ್ಟಿ ಇದು" ಅಂದು ಹತ್ತು ಕಟ್ಟಿಸಿಕೊಂಡಳು. ದುಬೈನಲ್ಲಿ ವಾರವಿಡೀ ಶೇಂಗಾ ಚಟ್ನಿ ಜೊತೆ ಅದನ್ನೇ ತಿಂದೆವು.